ಎರಡು ತೂತಿನ ನಡುವಿನ ಹೊತ್ತು

ನಮಗಿದ್ದದ್ದು ಆರೇ ದಿನ. ಸಾಹೇಬರು ಕೊಟ್ಟ ಗಡುವಲ್ಲ ಅದು, ಒಟ್ಲು ಕೊಟ್ಟ ಗಡುವು. ನಾಲೆಗೆ ನೀರು ಬಿಟ್ಟಾಗಿತ್ತು. ಒಟ್ಲಲ್ಲಿ, ಅಂದರೆ ಸಸಿ ಮಡಿಯಲ್ಲಿ, ಬತ್ತದ ಪೈರು ಗೇಣುದ್ದ ಎದ್ದು ನಿಂತಿತ್ತು. ಏಳನೇ ದಿನ ಬೆಳಿಗ್ಗೆ ನಮ್ಮ ಪರೀಕ್ಷೆಯ ಗದ್ದೆಗೆ ನಾಟಿ ಹೆಂಗಸರು ಇಳಿಯುತ್ತಾರೆ, ಆಮೇಲೆ ಆ ಕೆಸರಿಗೆ ಯಾವ ಯಂತ್ರವನ್ನೂ ಬಿಡುವ ಹಾಗಿಲ್ಲ. ಅಷ್ಟರೊಳಗೆ ಪೂರಿಗಾಲಿಯ ಆಚಾರಿಗಳ ಕಬ್ಬಿಣದ ಚಕ್ರ ಪಾಸೋ ಫೇಲೋ ಅಂತ ನಾವು ಬರೆದು ಮುಗಿಸಬೇಕಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ಮಂಡ್ಯಕ್ಕೂ ಮದ್ದೂರಿಗೂ ನಡುವೆ ಇದ್ದ ಒಂದು ಸಣ್ಣ ಕೃಷಿ ಯಂತ್ರ ಪರೀಕ್ಷಾ ಕೇಂದ್ರದಲ್ಲಿ ನಾನು ತಾಂತ್ರಿಕ ಸಹಾಯಕಿ, ಸಾಹೇಬರು ಅದರ ಮುಖ್ಯಸ್ಥರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದೆ. ಬೆಸುಗೆ ಕಡ್ಡಿ ಹಿಡಿಯೋ ಹೆಂಗಸು ಅಂತ ನನ್ನನ್ನು ನೋಡೋಕೇ ಜನ ಕಿಟಕಿ ಹತ್ತಿರ ಬಂದು ನಿಲ್ಲುತ್ತಿದ್ದರು. ಕೋಪ ನನಗೆ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಅಲ್ಲಿಂದ ಕೆಳಗಿಳಿದಿಲ್ಲ.

ಹಿಡಿ ಹಿಡಿದು ಹಿಂದೆ ನಡೆದು ಉಳುವ ಟಿಲ್ಲರಿನ ರಬ್ಬರು ಟೈರು ಕೆಸರು ಗದ್ದೆಯಲ್ಲಿ ಕೆಲಸಕ್ಕೆ ಬಾರದು, ನಿಂತಲ್ಲೇ ಗಿರಗಿರ ತಿರುಗುತ್ತದೆ. ಅದನ್ನು ಬಿಚ್ಚಿ ಕಬ್ಬಿಣದ ಚಕ್ರ ಹಾಕುತ್ತಾರೆ. ಎರಡು ಬಳೆ, ಅವುಗಳ ನಡುವೆ ಅಡ್ಡಡ್ಡ ಪಟ್ಟಿಗಳು. ಆ ಪಟ್ಟಿಗಳೇ ಕೆಸರನ್ನು ಹಿಡಿದು ಯಂತ್ರವನ್ನು ಮುಂದಕ್ಕೆ ತಳ್ಳುವುದು. ಕಂಪನಿ ಚಕ್ರ ಹೊರಗಿನಿಂದ ಬರುತ್ತಿತ್ತು, ಮುರಿದರೆ ತಿಂಗಳುಗಟ್ಟಲೆ ಕಾಯಬೇಕು. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ಕುಲುಮೆ ಇಟ್ಟಿದ್ದ ಆಚಾರಿಗಳೊಬ್ಬರು ತಾವೇ ಒಂದು ಜೊತೆ ಮಾಡಿದರು. ಅವರೂರಲ್ಲಿ ನಾಲ್ಕು ಜನ ಹಾಕಿಕೊಂಡು ಉತ್ತರು. ಸುತ್ತಲ ಹಳ್ಳಿಯವರು ಮಾತ್ರ, ಸರ್ಕಾರದ ಕಾಗದ ಬರಲಿ ಆಮೇಲೆ ನೋಡೋಣ ಅಂದರು.

ಚಕ್ರವನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಆಚಾರಿಗಳೇ ತಂದರು. ಅರವತ್ತರ ಹತ್ತಿರದ ವಯಸ್ಸು, ಮುಂಗೈ ತುಂಬ ಕಿಡಿ ಸಿಡಿದ ಕಲೆ.

"ಈ ಬೇಸ್ಗೆ ಪೂರ್ತಿ ಬೇರೆ ಕೆಲ್ಸ ಇಡೀನಿಲ್ಲ ಕಣವ್ವ," ಅಂದರು ನನಗೆ. "ನೇಗ್ಲಿನ್ ಕುಳ ಬಡ್ಕೊಡು, ಕುಡ್ಲು ಮಾಡ್ಕೊಡು ಅಂತ ಬಂದೋರ್ನೆಲ್ಲ ಅಂಗೇ ಕಳ್ಸಿವ್ನಿ. ಆಗಕಿಲ್ಲ ಅಂತ ನೀವು ಬರುದ್ರೆ ಅವ್ರೂ ವಾಪಸ್ ಬರಕಿಲ್ಲ, ಚಕ್ರ ಕೇಳೋರೂ ಬರಕಿಲ್ಲ. ಕುಲ್ಮೆ ಆರ್ಸಿ ಮನೇಲ್ ಕೂತ್ಕೋಬೇಕು."

ನಿಯಮದ ಪ್ರಕಾರ, ತಯಾರಿಸಿದವರು ಪರೀಕ್ಷೆಯ ಗದ್ದೆಗೆ ಬರಕೂಡದು. ಸಾಹೇಬರು ಮಾಡಿದ್ದೇ ಆ ನಿಯಮ. ಆಚಾರಿಗಳು ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಕೂತರು.

ಮೊದಲ ದಿನವೇ ಪೆಟ್ಟು ಬಿತ್ತು. ಗದ್ದೆಯಲ್ಲಿ ಇಪ್ಪತ್ತು ಮೀಟರಿಗೆ ಎರಡು ಗಳ ನೆಟ್ಟು, ಅಷ್ಟು ದೂರ ಹೋಗಲು ಚಕ್ರ ಎಷ್ಟು ಸುತ್ತು ತಿರುಗುತ್ತದೆ ಅಂತ ಎಣಿಸುವುದು ನಮ್ಮ ಪದ್ಧತಿ. ಒಂಚೂರೂ ಜಾರದಿದ್ದರೆ ಎಂಟು ಸುತ್ತು. ಕೆಸರಲ್ಲಿ ಜಾರದ ಚಕ್ರ ಎಲ್ಲಿದೆ? ಹನ್ನೊಂದರ ಒಳಗೆ ಬಂದರೆ ಪಾಸು. ಕಂಪನಿಯದು ಹತ್ತು ಸುತ್ತಿಗೆ ಗಳ ಮುಟ್ಟಿತು. ಆಚಾರಿಗಳದ್ದು ಹನ್ನೆರಡೂವರೆ. ಮೂರು ಸಲ ಓಡಿಸಿದರೂ ಅದೇ.

"ಚಕ್ರದ ವೇಗವನ್ನೂ ಅಳೆದು ಬರೆಯಮ್ಮ," ಅಂದರು ಸಾಹೇಬರು. "ಎರಡು ಜೊತೆಯೂ ಒಂದೇ ವೇಗದಲ್ಲಿ ಓಡಿದ್ದರೆ ಇಂಜಿನ್ನಿನ ತಪ್ಪಿಲ್ಲ, ಸೋತದ್ದು ಚಕ್ರವೇ. ಬರೆದು ಮುಗಿಸೋಣ."

ವೇಗ ಅಳೆಯಲು ನನ್ನ ಹತ್ತಿರ ಒಂದು ಪೆಟ್ಟಿಗೆ ಇತ್ತು. ಬೆಂಗಳೂರಿಂದ ಐ.ಸಿ. ಅನ್ನುವ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ತಂದು ಎರಡು ತಿಂಗಳು ಕೂತು ಕಟ್ಟಿದ್ದೆ. ಟಿಲ್ಲರಿನ ಅಚ್ಚಿಗೆ ಹನ್ನೆರಡು ತೂತಿನ ಒಂದು ತಗಡಿನ ಬಿಲ್ಲೆ. ಬಿಲ್ಲೆಯ ಈ ಕಡೆ ಸಣ್ಣ ಬಲ್ಬು, ಆ ಕಡೆ ಬೆಳಕು ಬಿದ್ದರೆ ಕರೆಂಟು ಬಿಡುವ ಒಂದು ಕಣ್ಣು. ಕೆಸರು ಸಿಡಿಯದಂತೆ ಎಲ್ಲಕ್ಕೂ ಸೇರಿ ಕಾಫಿಪುಡಿ ಡಬ್ಬದ ಮುಚ್ಚಳ. ತೂತು ಎದುರಾದಾಗಲೆಲ್ಲ ಪೆಟ್ಟಿಗೆಗೆ ಒಂದು ಏಟು ಹೋಗುತ್ತದೆ. ಪೆಟ್ಟಿಗೆ ಒಂದು ಸೆಕೆಂಡು ಏಟು ಎಣಿಸಿ ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ಬಿಸಿಲಲ್ಲಿ ಆ ಅಂಕಿ ಕಾಣುತ್ತಿರಲಿಲ್ಲ. ಹಾಗಾಗಿ ನಾನು ಪೆಟ್ಟಿಗೆಯನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಒಂದು ಕೈಯಲ್ಲಿ ಕಪ್ಪು ಕೊಡೆ ಹಿಡಿದು, ಟಿಲ್ಲರಿನ ಪಕ್ಕ ಬದುವಿನ ಮೇಲೆ ನಡೆಯಬೇಕು.

ಟಿಲ್ಲರು ಓಡಿಸುತ್ತಿದ್ದವನು ಗೆಜ್ಜಲಗೆರೆಯವನು. ನಗಿಸದೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. "ಮದ್ವೆ ಗಂಡ್ಗೆ ಕೊಡೆ ಇಡ್ದಂಗೈತೆ ಅಮ್ಮಣ್ಣಿ, ಪೆಟ್ಗೆಗೆ ಒಂದ್ ಬಾಸಿಂಗನೂ ಕಟ್ಬುಡಿ," ಅಂದ.

ಪೆಟ್ಟಿಗೆ ತೋರಿಸಿದ್ದು ಐದು. ಆಮೇಲೆ ಆರು. ಆಮೇಲೆ ಐದು, ಐದು, ಆರು. ಕಂಪನಿ ಚಕ್ರ ಹಾಕಿದರೂ ಐದು, ಆರು. ಅಷ್ಟು ನಿಧಾನಕ್ಕೆ ತಿರುಗುವ ಚಕ್ರಕ್ಕೆ ಒಂದು ಸೆಕೆಂಡಿನಲ್ಲಿ ಇನ್ನೇನು ಎಣಿಸಲು ಸಿಗುತ್ತದೆ?

"ಇದ್ಕೆ ಇಷ್ಟ್ ದೊಡ್ ಪೆಟ್ಗೆನಾ?" ಅಂದ ಅವನು. "ಐದೋ ಆರೋ ಅಂತ ನಾನೇ ಬೆರ್ಳ್ ಮಡಿಸಿ ಏಳ್ಬುಡ್ತೀನಿ, ಬುಡಿ."

"ಹಂಗಾದ್ರೆ ಪೆಟ್ಟಿಗೆ ನೀನು ಹೊತ್ಕೋ, ಟಿಲ್ಲರು ನಾನು ಓಡಿಸ್ತೀನಿ," ಅಂದೆ. ಉರಿದುಹೋಗಿತ್ತು ನನಗೆ. ಎರಡು ತಿಂಗಳ ದುಡಿಮೆ ಕೊನೆಗೆ ಐದೋ ಆರೋ ಅನ್ನುವಲ್ಲಿಗೆ ಬಂದು ನಿಂತಿತ್ತು. ಎರಡನೇ ದಿನವೂ ಅದರಲ್ಲೇ ಕಳೆಯಿತು.

ಆ ಸಂಜೆ ಮದ್ದೂರು ಬಸ್‌ಸ್ಟಾಂಡಿನಲ್ಲಿ ಮುಖ ಗಂಟಿಕ್ಕಿಕೊಂಡು ನಿಂತಿದ್ದೆ. ಕಂಕುಳಲ್ಲಿ ಗಂಟು ಇಟ್ಟುಕೊಂಡ ಒಬ್ಬ ಅಜ್ಜಿ ಬಂದು, ಚಿಕ್ಕರಸಿನಕೆರೆ ಬಸ್ಸಿನ ವಿಚಾರ ಕೇಳಿದರು. ನಾನು ಬೋರ್ಡು ನೋಡಿ, ದಿನಕ್ಕೆ ಇಷ್ಟು ಬಸ್ಸಿದೆ ಅಂತ ಹೇಳಿದೆ.

"ದಿನಕ್ ಎಷ್ಟ್ ಬಸ್ಸಾದ್ರೆ ನಂಗೇನವ್ವ?" ಅಂದರು ಆಕೆ. "ಮುಂಚಿನ್ ಬಸ್ಸು ಓಗಿ ಎಷ್ಟೊತ್ತಾಯ್ತು, ಅದೇಳು ಸಾಕು."

ಹೇಳಿದೆ. ಆಕೆ ತಲೆಯಾಡಿಸಿ ಕೂರಲು ಜಾಗ ಹುಡುಕಿಕೊಂಡು ಹೋದರು. ನಾನು ನಿಂತಲ್ಲೇ ನಿಂತೆ. ಅಯ್ಯೋ ಮಂಕೆ, ನೀನು ಎರಡು ದಿನದಿಂದ ಎಣಿಸುತ್ತಿರೋದು ಬಸ್ಸನ್ನು, ನೋಡಬೇಕಾದದ್ದು ಹೊತ್ತನ್ನು! ಸೆಕೆಂಡಿಗೆ ಎಷ್ಟು ತೂತು ಅಂತ ಕೇಳಿದರೆ ಐದೋ ಆರೋ ಅನ್ನುತ್ತದೆ. ಒಂದು ತೂತು ಹೋಗಿ ಇನ್ನೊಂದು ಬರುವುದಕ್ಕೆ ಎಷ್ಟು ಹೊತ್ತಾಯ್ತು ಅಂತ ಕೇಳಿದರೆ? ಪೆಟ್ಟಿಗೆಯೊಳಗೆ ಗಡಿಯಾರದ ಹಾಗೆ ಟಿಕ್ಕು ಕೊಡುವ ಕ್ರಿಸ್ಟಲ್ ಇದ್ದೇ ಇತ್ತು. ಅದನ್ನು ಓಡುತ್ತಲೇ ಬಿಡಬೇಕು. ತೂತು ಎದುರಾದ ಕ್ಷಣ, ಆವರೆಗಿನ ಟಿಕ್ಕಿನ ಲೆಕ್ಕವನ್ನು ಹಿಡಿದು ಪಕ್ಕಕ್ಕಿಟ್ಟು ತೋರಿಸಬೇಕು, ಎಣಿಕೆಯನ್ನು ಮತ್ತೆ ಸೊನ್ನೆಯಿಂದ ಶುರುಮಾಡಬೇಕು. ಬಂದ ಬಸ್ಸು ಹತ್ತುವುದನ್ನೂ ಮರೆತು ಬೆಳಗಿನ ಟಿಕೀಟಿನ ಹಿಂದೆ ಸರ್ಕ್ಯೂಟು ಬರೆದೆ.

ಮೂರನೇ ದಿನ ಬೆಳಿಗ್ಗೆಯಿಂದ ಪೆಟ್ಟಿಗೆ ಬಿಚ್ಚಿ ಮರುಜೋಡಣೆ. ಅವಸರದಲ್ಲಿ ಬ್ಯಾಟರಿಯ ತಂತಿ ಅದಲುಬದಲು ಕೊಟ್ಟೆ. ಒಂದು ಐ.ಸಿ. ಚುರ್ ಅಂತ ಬಿಸಿಯಾಗಿ ಸತ್ತಿತು. ಅಂಥದ್ದು ಮಂಡ್ಯದಲ್ಲೆಲ್ಲೂ ಸಿಗುವುದಿಲ್ಲ, ಬೆಂಗಳೂರಿಗೆ ಹೋಗಿಬರಲು ಒಂದು ದಿನ ಬೇಕು. ನನ್ನನ್ನೇ ಬೈದುಕೊಂಡು ಕಣ್ಣಲ್ಲಿ ನೀರು ತಂದುಕೊಂಡೆ. ಆಮೇಲೆ ಮುಖ ತೊಳೆದು ಬಂದು ಕೂತು ಯೋಚಿಸಿದೆ. ನಾಲ್ಕು ಅಂಕಿ ಯಾಕೆ ಬೇಕು? ಮೂರು ಸಾಕು. ಟಿಕ್ಕನ್ನು ಸೆಕೆಂಡಿಗೆ ಸಾವಿರಕ್ಕೆ ಇಳಿಸಿದೆ, ಸತ್ತ ಅಂಕಿಯ ಕಿಂಡಿಗೆ ಕಪ್ಪು ಕಾಗದ ಅಂಟಿಸಿದೆ. ಸಂಜೆಗೆ ಟಿಲ್ಲರನ್ನು ಇಟ್ಟಿಗೆಯ ಮೇಲೆ ಎತ್ತಿ ನಿಲ್ಲಿಸಿ ಚಕ್ರವನ್ನು ಗಾಳಿಯಲ್ಲಿ ತಿರುಗಿಸಿದೆವು. ಎರಡು ತೂತಿನ ನಡುವೆ ನೂರ ಎಂಬತ್ತನಾಲ್ಕು ಟಿಕ್ಕು, ನೂರ ಎಂಬತ್ತೈದು, ನೂರ ಎಂಬತ್ತಾರು. ಟಿಲ್ಲರಿನವನು ಬಗ್ಗಿ ನೋಡಿ, "ಈಗ ಸರಿ ಕಣಮ್ಮ. ಇಷ್ಟ್ ಬೆರ್ಳು ನಂಗಿಲ್ಲ," ಅಂದ. ನಗು ಬಂತು ನನಗೂ.

ಗೇಟಿನಲ್ಲಿ ಆಚಾರಿಗಳು ಎದ್ದು ನಿಂತರು. "ಏನಾಯ್ತವ್ವ?"

"ಆಗ್ತಿದೆ," ಅಂದೆ. ದಿನವೂ ಅಷ್ಟೇ ಹೇಳುತ್ತಿದ್ದೆ. ಅವರು ದಿನವೂ ತಲೆಯಾಡಿಸಿ ಮಳವಳ್ಳಿ ಬಸ್ಸಿಗೆ ಹೊರಡುತ್ತಿದ್ದರು.

ನಾಲ್ಕನೇ ದಿನ ಕೆಸರಿಗೆ ಇಳಿಸಿದೆವು. ಕಂಪನಿ ಚಕ್ರಕ್ಕೆ ಅಂಕಿ ನೂರ ಎಂಬತ್ತಾರರ ಆಚೀಚೆ ಅಲುಗಾಡುತ್ತಿತ್ತು. ಆಚಾರಿಗಳ ಚಕ್ರ ಹಾಕಿದೆವು. ನೂರ ತೊಂಬತ್ತು, ನೂರ ಎಂಬತ್ತೊಂಬತ್ತು, ಇದ್ದಕ್ಕಿದ್ದಂತೆ ನೂರ ಐವತ್ತೇಳು! ಮತ್ತೆ ನೂರ ತೊಂಬತ್ತು. ಸೆಕೆಂಡಿಗೆ ಐದು ಸಲ ಬದಲಾಗುವ ಅಂಕಿ, ಕಣ್ಣಿಗೆ ಸರಿಯಾಗಿ ಸಿಗುತ್ತಲೂ ಇರಲಿಲ್ಲ. ಹೊತ್ತು ಕಡಿಮೆಯಾಯಿತು ಅಂದರೆ ಚಕ್ರ ಆ ಕ್ಷಣ ಜೋರಾಗಿ ಓಡಿತು ಅಂತ ಅರ್ಥ. ಆದರೆ ಒಂದೇ ಇಂಜಿನ್ನು ತಿರುಗಿಸುವ ಚಕ್ರ ಹಾಗೆ ನಡುನಡುವೆ ಓಡುವುದುಂಟೆ?

ಸಾಹೇಬರು ಬದುವಿನ ಮೇಲೆ ನಿಂತು ನೋಡಿದರು. "ನಿನ್ನ ಪೆಟ್ಟಿಗೆ ತಪ್ಪು ಓದ್ತಿದೆ. ಎಲ್ಲೋ ಬೆಸುಗೆ ಸಡಿಲ. ಇರಲಿ, ಎಲ್ಲದರ ಸರಾಸರಿ ತೆಗೆದು ಬರೆ."

ಸರಾಸರಿ ತೆಗೆದೆ. ನೂರ ಎಂಬತ್ತೈದು ಬಂತು. ಕಂಪನಿ ಚಕ್ರದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಅಂದರೆ ವೇಗ ಒಂದೇ, ಸೋತದ್ದು ಚಕ್ರ, ಕಥೆ ಮುಗಿಯಿತು. ವರದಿಯ ಹಾಳೆಯಲ್ಲಿ ನೂರ ಎಂಬತ್ತೈದು ಅಂತ ನಾನೇ ನನ್ನ ಕೈಯಾರೆ ಬರೆದೆ. ಬರೆದ ಹಾಳೆಯನ್ನು ಸಾಹೇಬರಿಗೆ ಕೊಡದೆ ಇಟ್ಟುಕೊಂಡೆ. ಯಾಕೆಂದರೆ ಬೆಸುಗೆ ಎಲ್ಲೂ ಸಡಿಲ ಇರಲಿಲ್ಲ. ಹಿಂದಿನ ಸಂಜೆ ಗಾಳಿಯಲ್ಲಿ ತಿರುಗಿಸಿದಾಗ ಎಣ್ಣೆ ಹಾಕಿದ ಹಾಗೆ ನಡೆದಿತ್ತು, ಕಂಪನಿ ಚಕ್ರಕ್ಕೂ ಸರಿಯಾಗಿತ್ತು. ಒಂದೇ ಒಂದು ಜೊತೆಗೆ ಮಾತ್ರ ಸುಳ್ಳು ಹೇಳಲು ಪೆಟ್ಟಿಗೆಗೇನು ಪೂರಿಗಾಲಿಯವರ ಮೇಲೆ ಹಗೆಯೇ?

ಸಾಹೇಬರ ಕೋಣೆಗೆ ನೇರ ಹೋದೆ. "ಸಾರ್, ಸರಾಸರಿ ನಾನು ಕೊಡೋದಿಲ್ಲ," ಅಂದೆ.

"ಏನಮ್ಮ ಹಂಗಂದ್ರೆ?"

"ಒಬ್ಬ ಆರು ರೊಟ್ಟಿ ತಿಂದ, ಇನ್ನೊಬ್ಬ ಉಪವಾಸ ಇದ್ದ. ಸರಾಸರಿ ಮೂರು ಅಂತ ಬರೆದ್ರೆ ಉಪವಾಸ ಇದ್ದೋನ ಹೊಟ್ಟೆ ತುಂಬತ್ತಾ ಸಾರ್? ನಾಳೆ ಒಂದು ದಿನ ಕೊಡಿ. ಹನ್ನೆರಡು ತೂತಿನ ಲೆಕ್ಕವನ್ನೂ ಬೇರೆಬೇರೆ ತೆಗೀತೀನಿ. ಪೆಟ್ಟಿಗೆಯದೇ ತಪ್ಪು ಅಂತ ಆದ್ರೆ ಅದನ್ನ ನಾಲೆಗೆ ಎಸೆದು ಬರ್ತೀನಿ."

ಸಾಹೇಬರು ಕನ್ನಡಕ ತೆಗೆದರು. ಬೈಯುತ್ತಾರೆ ಅಂದುಕೊಂಡೆ. "ನಾಳೆ ಒಂದೇ ದಿನ. ಪೆಟ್ಟಿಗೆ ಸರ್ಕಾರದ್ದು, ಎಸೆಯೋ ಹಾಗಿಲ್ಲ," ಅಂದರು.

ಕೆಟ್ಟ ರೇಡಿಯೋ ಒಂದರಿಂದ ತಿರುಗುವ ಗುಂಡಿ ಕಿತ್ತೆ, ಹನ್ನೆರಡು ಸ್ಥಾನ ಇರುವಂಥದ್ದು. ಬಿಲ್ಲೆಯ ಒಳಸುತ್ತಿನಲ್ಲಿ ಒಂದೇ ಒಂದು ಸಣ್ಣ ತೂತು ಕೊರೆದು, ಅದಕ್ಕೆ ಎರಡನೇ ಕಣ್ಣು ಇಟ್ಟೆ. ಅದು ಎದುರಾದರೆ ಹೊಸ ಸುತ್ತು ಶುರು ಅಂತ ಪೆಟ್ಟಿಗೆಗೆ ಗೊತ್ತಾಗಬೇಕು. ಗುಂಡಿಯನ್ನು ಒಂದಕ್ಕಿಟ್ಟರೆ, ಪ್ರತಿ ಸುತ್ತಿನಲ್ಲೂ ಮೊದಲ ಎರಡು ತೂತಿನ ನಡುವಿನ ಹೊತ್ತನ್ನಷ್ಟೇ ಹಿಡಿದು, ಮುಂದಿನ ಸುತ್ತಿನವರೆಗೂ ಅಲುಗದೆ ತೋರಿಸುತ್ತದೆ. ಎರಡಕ್ಕಿಟ್ಟರೆ ಎರಡನೆಯದು. ಹೀಗೆ ಹನ್ನೆರಡು ಸಲ ಗದ್ದೆಯ ಉದ್ದಕ್ಕೂ ನಡೆಯಬೇಕು.

ನಮ್ಮ ಟಿಲ್ಲರು ಹಳೆಯ ಮಾದರಿಯದು, ಎರಡು ಚಕ್ರಕ್ಕೂ ಒಂದೇ ಗಟ್ಟಿ ಅಚ್ಚು. ಗದ್ದೆಯ ಕೊನೆಯಲ್ಲಿ ಹಿಡಿ ಎತ್ತಿ, ಹೆಚ್ಚುಕಡಿಮೆ ಹೊತ್ತೇ ತಿರುಗಿಸಬೇಕು. ಐದನೇ ದಿನ ಆರನೇ ಸಾಲು ಮುಗಿಯುವ ಹೊತ್ತಿಗೆ ಟಿಲ್ಲರಿನವನ ನಗು ನಿಂತುಹೋಗಿತ್ತು. "ನನ್ ಸೊಂಟದ್ ಸರಾಸ್ರಿನೂ ಒಸಿ ತೆಗೀರಿ ಅಮ್ಮಣ್ಣಿ," ಅಂದ. ಆದರೂ ನಿಲ್ಲಿಸಲಿಲ್ಲ. ಹನ್ನೆರಡೂ ಮುಗಿಸಿದ.

ಬದುವಿನ ಮೇಲೆ ಕೂತು ನೋಟ್‌ಬುಕ್ಕು ನೋಡಿದೆ. ಒಂದು, ಎರಡು, ಮೂರು, ಎಲ್ಲ ನೂರ ತೊಂಬತ್ತರ ಸುತ್ತಮುತ್ತ. ನಾಲ್ಕು, ನೂರ ಅರವತ್ತು. ಐದು, ನೂರ ಐವತ್ತೈದು. ಆರರಿಂದ ಹನ್ನೆರಡು ಮತ್ತೆ ನೂರ ತೊಂಬತ್ತು. ಪ್ರತಿ ಸುತ್ತಿನಲ್ಲೂ ಅದೇ ಜಾಗ, ಅದೇ ಎರಡು ತೂತು. ಸಡಿಲ ಬೆಸುಗೆ ಹಾಗೆ ಹೇಳಿಮಾಡಿಸಿದಂತೆ ಒಂದೇ ಕಡೆ ಎಡವುವುದಿಲ್ಲ. ಪೆಟ್ಟಿಗೆ ನಿಜ ಹೇಳುತ್ತಿತ್ತು.

ಇಂಜಿನ್ನು ನಿಲ್ಲಿಸಿ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸು ಅಂತ ಟಿಲ್ಲರಿನವನಿಗೆ ಹೇಳಿದೆ. ಐದನೇ ತೂತು ಕಣ್ಣಿಗೆ ಎದುರಾದಾಗ, "ನಿಲ್ಸು!" ಅಂತ ಕಿರುಚಿ ಕೆಸರಿಗೆ ಇಳಿದೆ. ಕೈಯಲ್ಲಿ ಕೆಸರು ಬಳಿದು ತೆಗೆದು ನೋಡಿದರೆ, ಎರಡು ಚಕ್ರದಲ್ಲೂ ಸರಿಯಾಗಿ ತಳಕ್ಕೆ ಬಂದ ಜಾಗದಲ್ಲಿ, ಪಟ್ಟಿಯಿಂದ ಪಟ್ಟಿಗೆ ಅಂತರ ಉಳಿದ ಕಡೆಗಿಂತ ನಾಲ್ಕು ಬೆರಳು ಹೆಚ್ಚು. ಎಡಕ್ಕೂ ಬಲಕ್ಕೂ ಒಂದೇ ಸಲ ಹಿಡಿತ ಇಲ್ಲ! ಪ್ರತಿ ಸುತ್ತಿಗೊಮ್ಮೆ ಯಂತ್ರ ಅಲ್ಲಿ ಕುಸಿದು, ಹಗುರಾದ ಚಕ್ರ ಸರ್ರನೆ ಜಾರಿ ಓಡುತ್ತಿತ್ತು. ಆ ಅಗಲದ ಕಿಂಡಿಯ ಪಕ್ಕದಲ್ಲಿ ಬಳೆಯ ಮೇಲೆ ಒಂದು ಉಳಿ ಗುರುತು, ಅದರ ಮೇಲೆ ಕೆಸರಲ್ಲೂ ಅಳಿಯದೆ ಉಳಿದ ಚೂರು ಕುಂಕುಮ.

ಕಾಲು ತೊಳೆಯದೆ ಗೇಟಿಗೆ ಓಡಿದೆ. "ಆಚಾರ್ರೇ, ಒಂದು ಕಡೆ ಯಾಕೆ ಅಂತರ ಹೆಚ್ಚು ಬಿಟ್ಟಿದ್ದೀರಿ?"

"ಬಳೆ ಕೂಡಿರೋ ಜಾಗ ಅದು ಕಣವ್ವ," ಅಂದರು ಅವರು, ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ. "ಬೆಸ್ಗೆ ಪಕ್ದಲ್ಲೇ ಪಟ್ಟಿ ಬಡುದ್ರೆ ಬಳೆ ಸೀಳೋಯ್ತದೆ. ಅದ್ಕೇ ಗುರ್ತು ಆಕಿವ್ನಿ. ಒಂದ್ ಚಕ್ರದ್ ಗುರ್ತು ಮುಗಿಲ್ಗೆ, ಇನ್ನೊಂದರ್ದು ನೆಲಕ್ಕೆ ಬರಂಗೆ ಏರಿಸ್ಬೇಕು. ಒಂದ್ ಕಾಲು ಎತ್ದಾಗ ಇನ್ನೊಂದು ಕಾಲು ಊರಿರ್ಬೇಕಲ್ವಾ? ನಮ್ಮೂರಲ್ಲಿ ಎಲ್ರೂ ಅಂಗೇ ಆಕೋದು."

ಟಿಲ್ಲರಿನವನು ನನ್ನ ಹಿಂದೆಯೇ ಬಂದಿದ್ದ. ಅವನ ಮುಖ ಇಷ್ಟಾಗಿತ್ತು. "ಮೊದಲ್ನೇ ದಿನ ಪೂಜೆ ಮಾಡ್ದೆನಲ್ಲ, ಕಾಯ್ ಒಡ್ದು," ಅಂದ. "ಗುರ್ತು ನೋಡಿ ಕುಂಕ್ಮ ಇಡೋಕೇ ಮಾಡವ್ರೆ ಅನ್ಕಂಡೆ. ಎರಡು ಬೊಟ್ಟೂ ಜೋಡೆತ್ತಿನ್ ಅಣೆ ತರ ಮುಂದ್ಕೇ ಕಾಣ್ಲಿ ಅಂತ ಒಂದೇ ಕಡೆ ಮುಖ ಮಾಡಿ ಅಚ್ಚಿಗೆ ಪಿನ್ನು ಬಡ್ದೆ. ದಿನಾ ಚಕ್ರ ಬದಲಾಯ್ಸಿದಾಗ್ಲೂ ಅಂಗೇ ಆಕ್ತಿದ್ದೆ. ನನ್ ಕೈಯಾರ ಎಡವಟ್ ಮಾಡ್ಬುಟ್ನಲ್ಲ ಆಚಾರ್ರೇ."

ನಾನು ಅವನ ಮೇಲೆ ರೇಗಲಿಲ್ಲ. ರೇಗಿದ್ದು ಆಚಾರಿಗಳ ಮೇಲೆ. "ಐದು ದಿನ ಇಲ್ಲೇ ಕೂತಿದ್ದೀರಲ್ಲ, ಒಂದು ಮಾತು ಹೇಳಬಾರದಿತ್ತಾ?"

ಅವರು ನನ್ನನ್ನು ಮಿಕಿಮಿಕಿ ನೋಡಿದರು. "ನೀವು ಪರೀಕ್ಸೆ ಮಾಡ್ತಿದ್ರಿ ಕಣವ್ವ. ಪರೀಕ್ಸೆ ಬರ್ಯೋನು ನಡ್ವೆ ಎದ್ದು ಮೇಷ್ಟ್ರಿಗೇ ಏಳ್ಕೊಡಕ್ಕಾಯ್ತದಾ? ಕೇಳುದ್ರೆ ಏಳಣ ಅಂತ ಕುಂತಿದ್ದೆ. ನೀವ್ ಯಾರೂ ಕೇಳ್ನಿಲ್ಲ."

ನನಗೆ ನಾಚಿಕೆಯಾಯಿತು. ದಿನವೂ ಅವರ ಮುಂದೆಯೇ ಹಾದು ಹೋಗುತ್ತಿದ್ದೆ. ಆಗ್ತಿದೆ ಅಂತ ಹೇಳುವುದರ ಬದಲು ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು. ಅದನ್ನು ಅವರಿಗೆ ಹೇಳಿಯೂ ಬಿಟ್ಟೆ. "ಓಗ್ಲಿ ಬುಡವ್ವ, ಈಗ ಕೇಳುದ್ಯಲ್ಲ," ಅಂದರು.

ಸಾಹೇಬರಿಗೆ ಹನ್ನೆರಡು ಅಂಕಿ ತೋರಿಸಿದೆ. ಅವರು ನಾಲ್ಕು, ಐದರ ಮೇಲೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದರು. "ನಾಳೆ ಆಚಾರಿಗಳೇ ಗದ್ದೆಗೆ ಇಳಿದು ಚಕ್ರ ಏರಿಸಲಿ. ನಿಯಮ ಮಾಡಿದವನು ನಾನೇ, ಮುರಿಯೋನೂ ನಾನೇ ಆಗಲಿ," ಅಂದರು.

ಆರನೇ ದಿನ ಬೆಳಿಗ್ಗೆ ಆಚಾರಿಗಳು ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದರು. ಒಂದು ಗುರುತು ಮೇಲೆ, ಒಂದು ಕೆಳಗೆ. ಪಿನ್ನನ್ನು ಎರಡೇ ಏಟಿಗೆ ಕೂರಿಸಿದರು. ಟಿಲ್ಲರು ಹೊರಟಿತು. ನಾನು ಗುಂಡಿಯನ್ನು ಐದಕ್ಕೆ ಇಟ್ಟುಕೊಂಡು ಕೊಡೆ ಹಿಡಿದು ಪಕ್ಕದಲ್ಲೇ ನಡೆದೆ. ನೂರ ಎಂಬತ್ತೆಂಟು. ಮುಂದಿನ ಸುತ್ತಿಗೆ ನೂರ ಎಂಬತ್ತೇಳು. ನಾಲ್ಕಕ್ಕೆ ತಿರುಗಿಸಿದೆ, ನೂರ ಎಂಬತ್ತೆಂಟು. ಸಾಹೇಬರು ಎರಡನೇ ಗಳದ ಹತ್ತಿರ ನಿಂತು ಸುತ್ತು ಎಣಿಸುತ್ತಿದ್ದರು. ಎಂಟು, ಒಂಬತ್ತು, ಹತ್ತು, ಕಾಲು ಸುತ್ತು, ಗಳ ಮುಟ್ಟಿತು!

"ಹತ್ತೂಕಾಲು!" ಅಂತ ನಾನು ಕೂಗಿದ್ದು ನಾಲೆಯ ಆಚೆಗೂ ಕೇಳಿಸಿರಬೇಕು. ಇನ್ನೆರಡು ಸಲ ಓಡಿಸಿದೆವು. ಹತ್ತೂಕಾಲು, ಹತ್ತೂವರೆ. ಟಿಲ್ಲರಿನವನು ಹಿಡಿ ಬಿಟ್ಟು ಆಚಾರಿಗಳ ಎರಡೂ ಕೈ ಹಿಡಿದುಕೊಂಡ.

ಮಧ್ಯಾಹ್ನ ಸಾಹೇಬರು ವರದಿ ಹೇಳಿ ಟೈಪು ಮಾಡಿಸಿದರು. ನಾನು ಬರೆದಿದ್ದ ನೂರ ಎಂಬತ್ತೈದರ ಹಾಳೆ ಹರಿದು, ಹನ್ನೆರಡು ಅಂಕಿಯ ಹಾಳೆ ಲಗತ್ತಿಸಿದೆ. ಎರಡು ಗುರುತುಗಳು ಎದುರುಬದುರು ಬರುವಂತೆ ಜೋಡಿಸತಕ್ಕದ್ದು ಅಂತ ಒಂದು ಸಾಲು ಸೇರಿತು. ಪ್ರತಿಯನ್ನು ಗೇಟಿನಲ್ಲಿ ಆಚಾರಿಗಳ ಕೈಗೆ ಕೊಟ್ಟು, "ಪಾಸು," ಅಂದೆ. ಅದು ಇಂಗ್ಲಿಷಿನಲ್ಲಿತ್ತು, ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಕೊನೆಯವರೆಗೂ ಕೇಳಿದರು.

"ಊರ್ ಎಸ್ರು ಬರ್ನಿಲ್ಲವಲ್ಲವ್ವ."

ನಿಜ. ಸ್ಥಳೀಯವಾಗಿ ತಯಾರಿಸಿದ ಚಕ್ರ ಅಂತಷ್ಟೇ ಇತ್ತು. ಹಾಳೆ ಕಿತ್ತುಕೊಂಡು ವಾಪಸ್ ಓಡಿದೆ. ಸಾಹೇಬರು ಊಟದ ಡಬ್ಬಿ ಮುಚ್ಚುತ್ತಿದ್ದರು. ಕೇಳಿದ್ದೇ ತಡ, ಆ ಪದಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತಮ್ಮ ಕೈಯಿಂದಲೇ ಕನ್ನಡದಲ್ಲಿ 'ಪೂರಿಗಾಲಿ ಚಕ್ರ' ಅಂತ ಬರೆದು ರುಜು ಹಾಕಿದರು. ಕಚೇರಿಯ ಪ್ರತಿಯಲ್ಲೂ ಹಾಗೇ ತಿದ್ದಿದರು.

ಆಚಾರಿಗಳಿಗೆ ಓದಲು ಬರುತ್ತಿರಲಿಲ್ಲ. "ಎಲ್ಲೈತೆ ತೋರ್ಸವ್ವ," ಅಂದರು. ಅವರ ಬೆರಳು ಹಿಡಿದು ಆ ಅಕ್ಷರದ ಮೇಲೆ ಇಟ್ಟೆ. ಶಾಯಿ ಇನ್ನೂ ಆರಿರಲಿಲ್ಲ, ಬೆರಳಿಗೆ ಹತ್ತಿತು. ಅವರ ಕಣ್ಣು ತುಂಬಿತ್ತು, ಆದರೆ ಬಾಯಲ್ಲಿ ನಗು.

"ಅಷ್ಟ್ ದೊಡ್ ಊರು," ಅಂದರು, "ಇಷ್ಟೇ ಇಷ್ಟ್ ಬರ್ದವ್ರಲ್ಲವ್ವಾ!"